ಕೀಲಿಯ ಗುಟ್ಟು ಯಾರ ಪಾಲಿನದು?

ನಮ್ಮ ತಂದೆಯವರು 1987ರಲ್ಲಿ ಕಾಲವಾದಾಗ ಅಂಗಡಿಯ ತಿಜೋರಿಯಲ್ಲಿ ಒಂದು ಬಟ್ಟೆಯ ಗಂಟು ದೊರೆಯಿತು. ಒಳಗೆ ಎರಡು ಬಳೆ, ಒಂದು ಸರ. ಯಾರೋ ನಂಬಿ ಇಟ್ಟಿದ್ದ ಒಡವೆಗಳೆಂಬುದರಲ್ಲಿ ಸಂದೇಹವಿರಲಿಲ್ಲ; ಯಾರೆಂಬುದು ಮಾತ್ರ ಅವರ ನೆನಪಿನಲ್ಲಿದ್ದು ಅವರೊಡನೆಯೇ ಹೋಯಿತು. ವಿಚಾರಿಸಿದೆವು, ಕಾದೆವು; ಯಾರೂ ಬರಲಿಲ್ಲ. ಪ್ರಾಮಾಣಿಕರೆಂದು ಹೆಸರಾಗಿದ್ದ ಅವರಿಗೆ ಇಂಥ ಋಣ ಉಳಿದದ್ದು ಲೋಭದಿಂದಲ್ಲ, ಗುಟ್ಟನ್ನು ಅತಿಯಾಗಿ ಕಾಪಾಡಿದ್ದರಿಂದ.

ಈ ಸಂಗತಿ ಮತ್ತೆ ನೆನಪಾದದ್ದು ಕಳೆದ ಚಾತುರ್ಮಾಸದ ಒಂದು ಭಾನುವಾರ, ರಾಜಾಜಿನಗರದ ನಮ್ಮ ಮನೆಯಲ್ಲಿ ಮಗನು ಬೆರಳುದ್ದದ ಉಪಕರಣವೊಂದನ್ನು ಮೇಜಿನ ಮೇಲಿಟ್ಟಾಗ. ಅದಕ್ಕೆ ಹಾರ್ಡ್‌ವೇರ್ ವ್ಯಾಲೆಟ್ ಎಂದು ಹೆಸರು. ಅವನು ಒಂದಿಷ್ಟು ಬಿಟ್‌ಕಾಯಿನ್ ಕೊಂಡಿದ್ದಾನೆ. (ಕೊಳ್ಳಬೇಕಿತ್ತೇ ಎಂಬ ತಕರಾರು ಬೇರೆ. 2022ರ ಏಪ್ರಿಲ್‌ನಿಂದ ಸರ್ಕಾರವೇ ಅದರ ಲಾಭದ ಮೇಲೆ ಶೇಕಡ 30 ತೆರಿಗೆ ಪಡೆಯುತ್ತಿದೆಯೆಂದು ಅವನು. ತೆರಿಗೆ ಕಟ್ಟಿದ ಮಾತ್ರಕ್ಕೆ ಅದು ಹಣವಾಗದೆಂದು ನಾನು.) 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ವಿನಿಮಯ ಸಂಸ್ಥೆಯಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಸ್ವತ್ತು ಕಳುವಾದ ಮೇಲೆ, ಪರರ ವಶದಲ್ಲಿಡುವುದು ಬೇಡವೆಂಬುದು ಅವನ ನಿರ್ಧಾರ.

ವ್ಯಾಲೆಟ್ ಎಂದರೆ ಹಣದ ಚೀಲ. ಆದರೆ ಇದರೊಳಗೆ ಹಣವಿಲ್ಲ. ನಾಣ್ಯಗಳ ಲೆಕ್ಕವೆಲ್ಲ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿರುವ ಬಹಿರಂಗ ಖಾತೆಪುಸ್ತಕದಲ್ಲಿದೆ; ಅವನ್ನು ವರ್ಗಾಯಿಸುವ ಕೀಲಿ ಮಾತ್ರ ಇದರಲ್ಲಿದೆ. ಮೊದಲು ಚಾಲೂ ಮಾಡಿದಾಗ, 2048 ಇಂಗ್ಲಿಷ್ ಪದಗಳ ಪಟ್ಟಿಯಿಂದ ಆಯ್ದ 24 ಪದಗಳನ್ನು ಉಪಕರಣ ತೋರಿಸಿತು. ಅದು ಕೆಟ್ಟರೂ ಕಳೆದರೂ, ಆ ಪದಗಳನ್ನು ಅದೇ ಕ್ರಮದಲ್ಲಿ ಬೇರೊಂದರಲ್ಲಿ ನಮೂದಿಸಿದರೆ ಎಲ್ಲವೂ ಮರಳುತ್ತದೆ. ಆದ್ದರಿಂದ ಅವುಗಳ ಫೋಟೋ ತೆಗೆಯಬಾರದು, ಕಂಪ್ಯೂಟರಿನಲ್ಲಿ ಬರೆದಿಡಬಾರದು. ಪೆಟ್ಟಿಗೆಯಲ್ಲಿ ಪದಗಳು ಮೊದಲೇ ಮುದ್ರಿತವಾಗಿ ಬಂದಿದ್ದರೆ ಅದು ಮೋಸ. ಮಗನು ಅಲ್ಪ ಮೊತ್ತವನ್ನು ಕಳುಹಿಸಿ, ಉಪಕರಣದಲ್ಲಿದ್ದುದನ್ನೆಲ್ಲ ಅಳಿಸಿ, ಪದಗಳಿಂದ ಮರಳಿ ಪಡೆದು ನೋಡಿದನು. ಕಾಗದ ಸುಡುತ್ತದೆ, ನೆನೆಯುತ್ತದೆ. ಸ್ಟೀಲ್ ತಗಡೇ ಆಗಬೇಕೆಂದಾಗ, ಪಾತ್ರೆಗೆ ಹೆಸರು ಕೆತ್ತುವವನಲ್ಲಿಗೆ ಹೋಗೆಂದು ಹೇಳಿ ನಗೆಗೀಡಾದೆ. ಕೆತ್ತುವವನಿಗೇ ಎಲ್ಲವೂ ತಿಳಿದುಬಿಡುವುದಲ್ಲ! ಕೊನೆಗೆ ಅವನೇ ಅಕ್ಷರದ ಅಚ್ಚುಗಳನ್ನು ತಂದು ಸುತ್ತಿಗೆಯಿಂದ ಬಡಿದನು. ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಸಾಕಂತೆ.

"ಈ ತಗಡು ನಿಮ್ಮಲ್ಲಿರಲಿ ಅಪ್ಪಾಜಿ, ಮನೆಯಲ್ಲಿ ಯಾರಿಗೂ ಹೇಳಬೇಡಿ" ಎಂದನು.

"ನಿನ್ನ ಹೆಂಡತಿಗೂ?"

"ತಿಳಿದವರು ಹೆಚ್ಚಿದಷ್ಟೂ ಅಪಾಯ."

ನಾನು ಒಪ್ಪಲಿಲ್ಲ. ಬ್ಯಾಂಕು ಹೆಸರು ಕೇಳುತ್ತದೆ, ಸಹಿ ನೋಡುತ್ತದೆ. ಈ ವ್ಯವಸ್ಥೆ ಕೇಳುವುದು ಪದಗಳನ್ನಷ್ಟೆ. ಅದಕ್ಕೆ ಒಡೆಯನೂ ಒಂದೇ, ಕದ್ದವನೂ ಒಂದೇ. ಕೊಡದುದನ್ನು ತೆಗೆದುಕೊಳ್ಳಬಾರದೆಂಬ ಅಚೌರ್ಯಾಣುವ್ರತಕ್ಕೆ ಹೊರಗಿನ ಕಾವಲೆಲ್ಲ ಇಲ್ಲವಾದಾಗ ಉಳಿಯುವುದು ಮನಸ್ಸೊಂದೇ, ಮತ್ತು ನನ್ನ ಮನಸ್ಸನ್ನು ನಾನು ಅಷ್ಟಾಗಿ ನಂಬಲಾರೆ. ಬಸದಿಯ ಹುಂಡಿಗೆ ಎರಡು ಬೀಗ ಹಾಕಿ ಕೀಲಿಗಳನ್ನು ಬೇರೆ ಬೇರೆ ಟ್ರಸ್ಟಿಗಳಲ್ಲಿಡುವುದು ಯಾರನ್ನೂ ಕಳ್ಳರೆಂದು ಶಂಕಿಸಿಯಲ್ಲ, ಯಾರನ್ನೂ ಪರೀಕ್ಷೆಗೆ ಒಡ್ಡಬಾರದೆಂದು.

ಇನ್ನು ಒಬ್ಬನಿಗೇ ತಿಳಿದ ಗುಟ್ಟು. ಕೆನಡಾದ ಕ್ವಾಡ್ರಿಗಾ ಸಂಸ್ಥೆಯ ಸ್ಥಾಪಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ನಮ್ಮ ಜೈಪುರದಲ್ಲಿ ತೀರಿಕೊಂಡನು. ಕೀಲಿಗಳು ಆತನೊಬ್ಬನಿಗೇ ಗೊತ್ತಿದ್ದವೆಂದು ಸಂಸ್ಥೆ ಹೇಳಿತು. ಗ್ರಾಹಕರ ಹಣದ ಬಹುಪಾಲನ್ನು ಆತನೇ ವಂಚನೆಯಿಂದ ಕಳೆದಿದ್ದನೆಂದು ಆಮೇಲೆ ತನಿಖೆಯಲ್ಲಿ ಬಯಲಾಯಿತು. ಪೂರ್ಣ ಗೌಪ್ಯದೊಳಗೆ ಎಚ್ಚರವೂ ಇರಬಹುದು, ಪಾಪವೂ ಇರಬಹುದು. ಹೊರಗಿನವರಿಗೆ ಎರಡೂ ಒಂದೇ ಬಗೆ ಕಾಣುತ್ತವೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಿಂದಲ್ಲ, ಮೂರ್ಛೆಯಿಂದ ಗುರುತಿಸಿದ್ದಾರೆ. ಕಳ್ಳನಿಂದ ಮರೆಸುವುದು ಕಾವಲು. ಹಕ್ಕುಳ್ಳ ಹೆಂಡತಿಯಿಂದಲೂ ಮರೆಸುವಾಗ ಆ ಮೂರ್ಛೆಯ ವಾಸನೆ ಬರುತ್ತದೆಂದು ಮಗನಿಗೆ ನೇರವಾಗಿಯೇ ಹೇಳಿದೆ. ಅವನಿಗೆ ಕೋಪ ಬಂದಿತು. ಎರಡು ದಿನ ಮಾತಿಲ್ಲ.

ಮೂರನೆಯ ದಿನ ಅವನೇ ಉಪಾಯ ತಂದನು. 24 ಪದಗಳ ಜೊತೆಗೆ ನಾವೇ ಆರಿಸಿದ ಇನ್ನೊಂದು ಗುಪ್ತಪದವನ್ನು ಸೇರಿಸಬಹುದಂತೆ; ಎರಡೂ ಕೂಡದೆ ನಾಣ್ಯಗಳು ಕೈಗೆ ಬಾರವು. ಆ ಪದವನ್ನು ಸೊಸೆ ಆರಿಸಿದಳು, ಬರೆದು ತನ್ನಲ್ಲಿಯೇ ಇಟ್ಟುಕೊಂಡಳು. ನನಗೆ ಅದು ಗೊತ್ತಿಲ್ಲ. ತಗಡಿನಲ್ಲಿರುವುದು ಅವಳಿಗೆ ಗೊತ್ತಿಲ್ಲ. ಆಮೇಲೆಯೇ ಉಳಿದ ನಾಣ್ಯಗಳನ್ನು ವರ್ಗಾಯಿಸಿದ್ದು.

ತಗಡನ್ನು ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಹಾಕಿ, ಇದು ಯಾರದು, ಏನು, ನನ್ನ ನಂತರ ಯಾರಿಗೆ ಕೊಡತಕ್ಕದ್ದು ಎಂಬ ಚೀಟಿ ಕಟ್ಟಿ ಬ್ಯಾಂಕಿನ ಲಾಕರಿನಲ್ಲಿರಿಸಿದೆ. ಪಕ್ಕದಲ್ಲೇ ಆ ಬಟ್ಟೆಯ ಗಂಟಿದೆ. ಅದರ ಚೀಟಿಯಲ್ಲಿ ‘ನಮ್ಮದಲ್ಲ’ ಎಂದಷ್ಟೇ ಬರೆದಿದೆ.