ಬಾವಿಗೆ ಅಡ್ಡವಿದ್ದ ಕಲ್ಲು

ಮೂರು ವರ್ಷದಿಂದ ನಾನು ಒಂದು ವಿಡಿಯೊ ಗೇಮಿಗೆ ಚಿತ್ರ ಬರೆಯುತ್ತಿದ್ದೇನೆ. ಪುಣೆಯ ಒಂದು ಫ್ಲ್ಯಾಟಿನ ಹಾಲೇ ನಮ್ಮ ಆಫೀಸು. ಇರುವುದು ಐದು ಜನ. ಗೇಮಿನ ಹೆಸರಾಗಲಿ ಕತೆಯಾಗಲಿ ಹೊರಗೆ ಹೇಳುವುದಿಲ್ಲ, ಚಿತ್ರ ತೋರಿಸುವುದಿಲ್ಲ ಎಂದು ಸಹಿ ಹಾಕಿಕೊಟ್ಟಿದ್ದೇನೆ. ಬಿಡುಗಡೆಯ ದಿನ ಎರಡು ಸಲ ಮುಂದೆ ಹೋಗಿದೆ. ಇದೇ ಊರಿನ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ 2020ರಲ್ಲಿ ಹೊರಬಂತಲ್ಲ ಎಂದು ಧೈರ್ಯ ಹೇಳಿಕೊಳ್ಳುತ್ತೇವೆ. ಹಾರ್ಡ್ ಡಿಸ್ಕಿನಲ್ಲೇ ಉಳಿದುಹೋದ ಗೇಮುಗಳ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ಅದೊಂದು ಅನುಕೂಲ.

ನನ್ನನ್ನು ಕಾಡುತ್ತಿರುವುದು ಗೇಮಿನ ಎರಡನೆಯ ಹಂತದಲ್ಲಿ ಬರುವ ಒಂದು ಹಿತ್ತಿಲು. ಅಲ್ಲಿ ಹುಡುಗಿಯೊಬ್ಬಳು ಬಾವಿಯಿಂದ ನೀರು ಸೇದಬೇಕು. ‘ಯಾವುದಾದರೂ ಹಳ್ಳಿಮನೆ ಬರಿ’ ಎಂದಷ್ಟೇ ಹೇಳಿದ್ದರು. ನನ್ನ ಕೈಯಿಂದ ಬಂದದ್ದು ತೀರ್ಥಹಳ್ಳಿ ಕಡೆಯ ಅಜ್ಜನ ಮನೆ: ಬಾವಿಯ ಗಡಗಡೆ, ಬಚ್ಚಲಿನ ಹಂಡೆ, ಮಸಿ ಹಿಡಿದ ಗೋಡೆ, ಬಟ್ಟೆ ಒಗೆಯುವ ಕಲ್ಲು. ಆ ಮನೆ ಈಗಿಲ್ಲ. ಮಾವ ಮಾರಿದರು, ಕೊಂಡವರು ಕೆಡವಿದರು. ನಮ್ಮಲ್ಲಿ ಉಳಿದಿರುವ ಎರಡು ಫೋಟೊಗಳಲ್ಲೂ ಮದುವೆಯ ಚಪ್ಪರ ಮನೆಯನ್ನು ಮುಚ್ಚಿಬಿಟ್ಟಿದೆ. ಹಾಗಾಗಿ ಆ ಹಿತ್ತಿಲು ಸದ್ಯ ಇರುವುದು ನಾನು ಮಾಡಿದ ಒಂದು ಫೈಲಿನಲ್ಲಿ ಮಾತ್ರ. ಫೈಲು ನನ್ನದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ನೌಕರಿಯಲ್ಲಿದ್ದು ಮಾಡಿದ ಕೃತಿಗೆ ಮೊದಲ ಒಡೆಯ ಕೆಲಸ ಕೊಟ್ಟವನೇ. ಬರೆದವನು ನಾನು ಎಂದು ಹೇಳಿಕೊಳ್ಳುವ ಹಕ್ಕನ್ನು 57ನೆಯ ಸೆಕ್ಷನ್ ನನಗೆ ಉಳಿಸಿದೆ. ಬೇಲೂರಿನಲ್ಲಿ ದಾಸೋಜ ಮದನಿಕೆಯ ಕೆಳಗೆ ಹೆಸರು ಕೆತ್ತಿದ. ಗೇಮೇ ಹೊರಬರದಿದ್ದರೆ ನಾನೆಲ್ಲಿ ಬರೆಯಲಿ?

ಸಂಬಳ ತೆಗೆದುಕೊಂಡಿದ್ದೇನೆ, ಒಡೆತನದ ಬಗ್ಗೆ ತಕರಾರಿಲ್ಲ. ಆದರೆ ಕೊಡುವುದಕ್ಕೆ ಆ ಹಿತ್ತಿಲು ನನ್ನದಾಗಿತ್ತೆ? ನಾನು ಬೇಸಿಗೆ ರಜೆಗೆ ಹೋಗಿ ಮಾವಿನಕಾಯಿ ತಿಂದು ಬಂದವನು. ಮದುವೆಯಾಗುವ ತನಕ ಆ ಕಲ್ಲಿನ ಮೇಲೆ ಮನೆಮಂದಿಯ ಬಟ್ಟೆ ಒಗೆದವಳು ಅಮ್ಮ. ಅವಳನ್ನೊಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಕಳೆದ ಶ್ರಾವಣದಲ್ಲಿ ಅಮ್ಮ ವಿಡಿಯೊ ಕಾಲ್ ಮಾಡಿದಳು. “ಮೂರು ವರ್ಷದಿಂದ ಎಂತದೋ ಬರೀತಿದ್ದೀಯ ಮಾರಾಯ, ಒಂದಾದ್ರೂ ತೋರಿಸು” ಅಂದಳು. ರಾತ್ರಿ ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಫೋನನ್ನು ಮಾನಿಟರಿನ ಕಡೆ ತಿರುಗಿಸಿದೆ. ತುಂಬ ಹೊತ್ತು ಮಾತಿಲ್ಲ. ಆಮೇಲೆ, “ಒಗೆಯೋ ಕಲ್ಲು ಬಾವಿಗೆ ಅಡ್ಡವೇ ಇತ್ತಲ್ಲ. ಕೊಡ ಹಿಡ್ಕೊಂಡು ಸುತ್ತಿ ಹೋಗ್ಬೇಕಿತ್ತು. ಬದಿಗ್ಯಾಕೆ ಸರಿಸಿದ್ದೀ?” ಎಂದು ಕೇಳಿದಳು.

ಆಡುವವನ ದಾರಿ ಸಲೀಸಾಗಲಿ ಎಂದು ಸರಿಸಿದ್ದೆ.

ಸಹಿ ಹಾಕಿ ಕೊಟ್ಟ ಮಾತಿಗೆ ತಪ್ಪಿದ್ದು ತಪ್ಪೇ. ‘ಅಮ್ಮನಿಗೆ ತಾನೇ’ ಎಂಬ ಸಮಜಾಯಿಷಿ ನನಗೆ ಹಿಡಿಸುವುದಿಲ್ಲ. ಗುಟ್ಟು ಬಿಟ್ಟುಕೊಡುವ ಪ್ರತಿಯೊಬ್ಬನಿಗೂ ಅಂಥ ಒಬ್ಬರು ಇದ್ದೇ ಇರುತ್ತಾರೆ. ಆ ಗುಟ್ಟಿನಲ್ಲಿ ಉಳಿದ ನಾಲ್ವರ ನಿದ್ದೆಗೆಟ್ಟ ರಾತ್ರಿಗಳೂ ಇವೆ. ಆದರೂ ನನ್ನ ಲೆಕ್ಕದಲ್ಲಿ ಅವಳಿಗೆ ತೋರಿಸಿದ್ದಕ್ಕಿಂತ ಅವಳನ್ನು ಕೇಳದೆ ಬರೆದದ್ದು ದೊಡ್ಡ ತಪ್ಪು. ಅದನ್ನು ತಡೆಯುವ ಕರಾರುಪತ್ರವನ್ನು ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ, ಅಷ್ಟೇ.

ಮರುದಿನ ಕಲ್ಲನ್ನು ಬಾವಿಗೆ ಅಡ್ಡವಾಗಿ ತಂದಿಟ್ಟೆ. ಈಗ ಹುಡುಗಿ ನಾಲ್ಕು ಹೆಜ್ಜೆ ಸುತ್ತಿ ಹೋಗಬೇಕು. ಮೊನ್ನೆ ಆಡಿ ನೋಡುತ್ತಿದ್ದ ಗೆಳೆಯ, ಈ ಕಲ್ಲು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದ. ಅದು ಮೊದಲಿಂದಲೂ ಅಲ್ಲೇ ಇತ್ತು ಎಂದೆ. ಅವನು ಬಗ್‌ಗಳ ಪಟ್ಟಿಯಲ್ಲಿ ಬರೆದುಕೊಂಡ.