ಅಂಗಶ್ರಮದಲ್ಲಿ ಅವಧಾನ

ಲಿಂಗವನ್ನು ಧರಿಸಿದ ಅಂಗವು ಕೇವಲ ಮಾಂಸಪಿಂಡವಲ್ಲ. ಅದು ಪೂಜೆಗೆ ಪೀಠ, ಕಾಯಕಕ್ಕೆ ಸಾಧನ, ದಾಸೋಹಕ್ಕೆ ದ್ವಾರ. ಆದಕಾರಣ ಶರಣಮಾರ್ಗವು ದೇಹವನ್ನು ವೃಥಾ ದಂಡಿಸುವುದನ್ನೂ ಒಪ್ಪದು, ಮುದ್ದಿಸಿ ಜಡವಾಗಿಸುವುದನ್ನೂ ಒಪ್ಪದು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲದ ಭಕ್ತಿಗೆ ಅವಧಾನಭಕ್ತಿಯೆಂದು ಹೆಸರು. ಅರ್ಪಿಸುವ ಪದಾರ್ಥದ ಗುಣವನ್ನೂ ಪ್ರಮಾಣವನ್ನೂ ಎಚ್ಚರದಿಂದ ಅರಿತು ಅರ್ಪಿಸುವುದೇ ಅದರ ಹುರುಳು. ಈ ಎಚ್ಚರವು ನೈವೇದ್ಯದ ತಳಿಗೆಗೆ ಮಾತ್ರ ಸಾಲದು; ರೋಗಿಯ ಹಾಸಿಗೆಯ ಬಳಿಯಲ್ಲಿಯೂ ಬೇಕು.

ಮನೆಯ ಹಿರಿಯರೊಬ್ಬರು ಹೃದಯಾಘಾತದಿಂದಲೋ ಪಾರ್ಶ್ವವಾಯುವಿನಿಂದಲೋ ಮಲಗಿದರೆಂದು ಭಾವಿಸೋಣ. ಮನೆಯವರಲ್ಲಿ ಎರಡು ಬಗೆಯ ಮಮತೆ ಕಾಣುತ್ತದೆ. ಒಂದು, ‘ಅಪ್ಪಾ, ನೀವು ಏಳಬೇಡಿ, ನೀರನ್ನೂ ನಾವೇ ಕುಡಿಸುತ್ತೇವೆ’ ಎಂಬ ಮಮತೆ. ಇನ್ನೊಂದು, ‘ಏಳಿ, ನಡೆಯಿರಿ, ನಡೆಯದೆ ಹೋದರೆ ಕಾಲು ಬರುವುದಿಲ್ಲ’ ಎಂದು ಅವಸರಿಸುವ ಮಮತೆ. ಎರಡರಲ್ಲಿಯೂ ಪ್ರೀತಿಯುಂಟು, ಅವಧಾನವಿಲ್ಲದಿದ್ದರೆ ಎರಡರಿಂದಲೂ ಕೇಡುಂಟು.

ಮೊದಲನೆಯ ಮಮತೆಯ ತಪ್ಪನ್ನು ವೈದ್ಯಲೋಕವೇ ಒಂದು ಕಾಲದಲ್ಲಿ ಮಾಡಿತ್ತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡುತ್ತಿರಲಿಲ್ಲ. ಕದಲದ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಸರಿದು ಪ್ರಾಣಾಪಾಯವಾಗುವುದಿತ್ತು, ಸ್ನಾಯುಗಳು ಕರಗುತ್ತಿದ್ದವು, ಮನಸ್ಸು ಕುಗ್ಗುತ್ತಿತ್ತು. ಅಮೆರಿಕದ ವೈದ್ಯರಾದ ಸ್ಯಾಮ್ಯುಯೆಲ್ ಲೆವೀನ್ ಮತ್ತು ಬರ್ನಾರ್ಡ್ ಲೌನ್ ಅವರು ಇಂಥ ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕುಳ್ಳಿರಿಸುವ ಪದ್ಧತಿಯನ್ನು 1952ರಲ್ಲಿ ಪ್ರಕಟಿಸಿದರು. ಕುಳ್ಳಿರಿಸುವುದೇ ಅಂದು ಸಾಹಸವೆನಿಸಿತ್ತು. ಇಂದಾದರೋ ಸ್ಥಿತಿ ಸ್ಥಿರವಾದ ಬಳಿಕ ವೈದ್ಯರ ನಿಗಾದಲ್ಲಿ ಮೆಲ್ಲನೆ ಹೆಚ್ಚಿಸುವ ನಡಿಗೆಯೂ ವ್ಯಾಯಾಮವೂ ಹೃದ್ರೋಗ ಚಿಕಿತ್ಸೆಯ ಅಂಗವೇ ಆಗಿವೆ.

ಹಾಗಾದರೆ ಶ್ರಮ ಹೆಚ್ಚಿದಷ್ಟೂ ಫಲ ಹೆಚ್ಚುವುದೆ? ಅಲ್ಲ. 2015ರಲ್ಲಿ ಪ್ರಕಟವಾದ ‘ಅವರ್ಟ್’ ಎಂಬ ಪರೀಕ್ಷೆಯಲ್ಲಿ ಐದು ದೇಶಗಳ 2104 ಮಂದಿ ಪಾರ್ಶ್ವವಾಯು ರೋಗಿಗಳಿದ್ದರು. ಒಂದು ಗುಂಪಿನವರನ್ನು ವ್ಯಾಧಿ ತಗುಲಿದ 24 ಗಂಟೆಗಳೊಳಗೇ ಹಾಸಿಗೆಯಿಂದ ಎಬ್ಬಿಸಿ, ವಾಡಿಕೆಗಿಂತ ಹೆಚ್ಚು ಸಲ, ಹೆಚ್ಚು ಹೊತ್ತು ಚಲನೆ ಮಾಡಿಸಿದರು. ಇನ್ನೊಂದು ಗುಂಪಿಗೆ ವಾಡಿಕೆಯ ಆರೈಕೆ. ಮೂರು ತಿಂಗಳ ಬಳಿಕ ನೋಡಲಾಗಿ, ಒಳ್ಳೆಯ ಚೇತರಿಕೆ ಕಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 46, ಎರಡನೆಯದರಲ್ಲಿ ನೂರಕ್ಕೆ 50. ಅವಸರದ ಶ್ರಮವು ಉಪಕಾರಕ್ಕೆ ಬದಲಾಗಿ ಅಪಕಾರವನ್ನೇ ತಂದಿತು. ಅದೇ ಪರೀಕ್ಷೆಯ ಮುಂದಿನ ಪರಿಶೀಲನೆಯಲ್ಲಿ, ಸ್ವಲ್ಪ ಹೊತ್ತಿನ ಚಲನೆಯನ್ನು ಹಲವು ಬಾರಿ ಮಾಡುವುದು ಲೇಸೆಂದು ಕಂಡುಬಂದಿತು. ಚಲನೆ ಕೆಟ್ಟದ್ದಲ್ಲ; ಅಳತೆಗೆಟ್ಟ ಚಲನೆ ಕೆಟ್ಟದ್ದು.

ಇನ್ನು ಕೆಲವು ವ್ಯಾಧಿಗಳಲ್ಲಿ ಅಲ್ಪಶ್ರಮವೂ ಮರುದಿನ ರೋಗಿಯನ್ನು ನೆಲಕ್ಕೆ ಕೆಡವುತ್ತದೆ. ದೀರ್ಘಾಯಾಸದ ರೋಗ ಅಂಥದು. ಅದಕ್ಕೆ ಕ್ರಮವಾಗಿ ಏರಿಸುವ ವ್ಯಾಯಾಮವನ್ನು ಬ್ರಿಟನ್ನಿನ ‘ನೈಸ್’ ಸಂಸ್ಥೆ 2007ರಲ್ಲಿ ಸೂಚಿಸಿತ್ತು; 2021ರಲ್ಲಿ ಆ ಸೂಚನೆಯನ್ನು ಕೈಬಿಟ್ಟಿತು. ಇಂಥ ರೋಗಿಯನ್ನು ಸೋಮಾರಿಯೆಂದು ಜರೆಯುವುದು ದಯೆಯ ಲಕ್ಷಣವಲ್ಲ.

ಈ ಮಿತಿಯ ವಿಚಾರ ನಮ್ಮ ಪ್ರಾಚೀನರಿಗೆ ಹೊಸದಲ್ಲ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ವ್ಯಾಯಾಮದಿಂದ ದೇಹಲಾಘವ, ಕಾರ್ಯಸಾಮರ್ಥ್ಯ, ಅಗ್ನಿದೀಪ್ತಿಗಳು ಲಭಿಸುವುವೆಂದು ಹೇಳಿ, ಬಲವಂತನಾದವನೂ ತನ್ನ ಶಕ್ತಿಯ ಅರ್ಧದಷ್ಟನ್ನೇ ವ್ಯಯಿಸಬೇಕೆಂದು ವಿಧಿಸಿದ್ದಾನೆ. ಅತಿಯಾದರೆ ಬಾಯಾರಿಕೆ, ಕ್ಷಯ, ಶ್ವಾಸಬಾಧೆ, ಕೆಮ್ಮು, ಜ್ವರ, ವಾಂತಿಗಳು ಬರುವುವೆಂದೂ ಎಚ್ಚರಿಸಿದ್ದಾನೆ. ಬಲವಂತನಿಗೇ ಅರ್ಧವೆಂದ ಮೇಲೆ ಬಲಗುಂದಿದವನಿಗೆ ಎಷ್ಟೆಂಬುದನ್ನು ತಿಳಿದ ವೈದ್ಯನೇ ಹೇಳಬೇಕಲ್ಲದೆ ನೆರೆಮನೆಯವರಲ್ಲ.

ಅಂಗಮರ್ದನ, ಶಾಖ, ವಿದ್ಯುತ್ ಪ್ರಚೋದನೆಗಳಿಗೂ ಇದೇ ನ್ಯಾಯ. ಎಣ್ಣೆ ತಿಕ್ಕುವುದು ಹಿತಕರವೇ. ಆದರೆ ಒಂದೇ ಕಾಲು ಬಾತು ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ತಿಕ್ಕಬಾರದು. ಸ್ಪರ್ಶಜ್ಞಾನ ಕಳೆದುಕೊಂಡ ಅಂಗಕ್ಕೆ ಬಿಸಿನೀರಿನ ಚೀಲವಿಟ್ಟರೆ ರೋಗಿಗೆ ತಿಳಿಯದೆಯೇ ಚರ್ಮ ಬೇಯುತ್ತದೆ. ಹೃದಯದ ಬಳಿ ಪೇಸ್‌ಮೇಕರ್ ಯಂತ್ರವಿರುವವರು ವೈದ್ಯರ ಅಪ್ಪಣೆಯಿಲ್ಲದೆ ವಿದ್ಯುತ್ ಪ್ರಚೋದನೆಗೆ ಒಡ್ಡಿಕೊಳ್ಳಬಾರದು. ಪಾರ್ಶ್ವವಾಯುವಿನಿಂದ ಸೋತ ತೋಳನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸಿದರೆ ಭುಜದ ಕೀಲು ಸಡಿಲುತ್ತದೆ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಶ್ರಮದಿಂದ ರಕ್ತದ ಸಕ್ಕರೆ ವಿಪರೀತ ಇಳಿಯಬಹುದು. ನಡೆಯುವಾಗ ಎದೆನೋವು, ತಲೆಸುತ್ತು, ಮಿತಿಮೀರಿದ ಏದುಸಿರು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ನಡೆಯುತ್ತಲೇ ಮಾತನಾಡಲು ಸಾಧ್ಯವಾದರೆ ನಡಿಗೆ ಸಾಮಾನ್ಯವಾಗಿ ಹದದಲ್ಲಿದೆಯೆಂದು ತಿಳಿಯಬಹುದು.

ಇಷ್ಟೆಲ್ಲ ಕೇಳಿ ಭಯಪಟ್ಟು ರೋಗಿಯನ್ನು ಮತ್ತೆ ಹಾಸಿಗೆಗೇ ಕಟ್ಟಿಹಾಕುವುದು ತಾತ್ಪರ್ಯವಲ್ಲ. ಉಪ್ಪು ಹೆಚ್ಚಾದರೆ ಅಡಿಗೆ ಕೆಡುವುದೆಂದು ಯಾವ ಗೃಹಿಣಿಯೂ ಉಪ್ಪನ್ನು ಬಿಡುವುದಿಲ್ಲ, ಕೈಯಳತೆಯನ್ನು ಕಲಿಯುತ್ತಾಳೆ. ಅಂತೆಯೇ ರೋಗಿಯ ಮುಖವನ್ನು ನೋಡಿ, ಅವನ ಮಾತನ್ನು ಕೇಳಿ, ನಿನ್ನೆಯ ಶ್ರಮ ಇಂದು ಹೇಗೆ ಪರಿಣಮಿಸಿತೆಂಬುದನ್ನು ಗಮನಿಸಿ ಅಳತೆಯನ್ನು ಕಲಿಯಬೇಕು. ಹಿರಿಯರು ಎರಡು ಹೆಜ್ಜೆಯಿಟ್ಟರೆ ಎರಡಕ್ಕೇ ಸಂತೋಷಪಡಬೇಕು. ನಾಲ್ಕನೆಯದನ್ನು ನಾಳೆಗೆ ಬಿಡಬೇಕು. ‘ಇಂದು ಸಾಕು’ ಎಂದು ರೋಗಿ ನುಡಿದರೆ ಆ ನುಡಿಯನ್ನು ಮನ್ನಿಸಬೇಕು.

ಸೇವೆ ಮಾಡುವ ಕೈ ತನ್ನ ಇಚ್ಛೆಯನ್ನು ಮರೆತು ಎದುರಿನ ಜೀವದ ಶಕ್ತಿಯನ್ನು ಅರಿತಾಗ ಆರೈಕೆಯೂ ಅರ್ಪಿತವಾಗುತ್ತದೆ. ಸದ್ಭಕ್ತರ ಮನೆಗಳಲ್ಲಿ ಇಂಥ ಅವಧಾನ ನೆಲೆಸಲಿ. ನೊಂದ ಅಂಗಗಳು ಚೇತರಿಸಿ ಮತ್ತೆ ಕಾಯಕಕ್ಕೆ ಅಣಿಯಾಗಲಿ.