ಕಾಯಕದ ಕಾಯವೂ ವಿಷದ ಎಣ್ಣೆಯೂ

ಪೀಡೆನಾಶಕವನ್ನು ನಮ್ಮ ಸೀಮೆಯ ಜನರು ಔಷಧಿಯೆಂದೂ ಎಣ್ಣೆಯೆಂದೂ ಕರೆಯುವರು. ಮೊದಲನೆಯ ಹೆಸರು ವಂಚಕವಾದುದು, ಎರಡನೆಯದರಲ್ಲಿ ಸತ್ಯಾಂಶವುಂಟು. ನೀರಿನಲ್ಲಿ ಕರಗದ ಅನೇಕ ವಿಷಗಳನ್ನು ಕ್ಸೈಲೀನ್ ಮೊದಲಾದ ದ್ರಾವಕಗಳಲ್ಲಿ ಕರಗಿಸಿ ಸೀಸೆಗೆ ತುಂಬುವರು. ನೀರಿಗೆ ಸುರಿದೊಡನೆ ಅದು ಹಾಲಿನಂತೆ ಬೆಳ್ಳಗಾಗುವುದು. ಈ ದ್ರಾವಕವೇ ಚರ್ಮದ ಜಿಡ್ಡನ್ನು ತೊಡೆದು ವಿಷಕ್ಕೆ ಒಳದಾರಿ ಮಾಡಿಕೊಡುತ್ತದೆ. ಅದರ ಆವಿಯಿಂದ ತಲೆನೋವು, ತಲೆಸುತ್ತು ಬರುವುವು. ಮುಖಕ್ಕೆ ಸುತ್ತಿದ ಟವಲು ಆವಿಯನ್ನು ತಡೆಯಲಾರದು. ನೆನೆದರಂತೂ ವಿಷವನ್ನು ಮೂಗಿಗೇ ಒತ್ತಿ ಹಿಡಿಯುವುದು.

ಚನ್ನಗಿರಿಯ ಅಡಕೆ ತೋಟ, ಹೊನ್ನಾಳಿ ನ್ಯಾಮತಿಗಳ ಭತ್ತದ ಗದ್ದೆ, ಜಗಳೂರಿನ ಮೆಕ್ಕೆಜೋಳದ ಹೊಲ, ಎಲ್ಲಿಯೇ ಆಗಲಿ, ಪಂಪು ಹೊರುವವನು ಅನೇಕ ವೇಳೆ ಕೂಲಿಯವನು. ಬೆಳೆಯ ಫಲವನ್ನು ಉಣ್ಣುವವನು ಬೇರೊಬ್ಬನು. 2018ರಲ್ಲಿ ಶಿವಮೊಗ್ಗದ ಕಡೆ ಸೈನಿಕ ಹುಳು ಕಾಣಿಸಿಕೊಂಡ ತರುವಾಯ ಮೆಕ್ಕೆಜೋಳಕ್ಕೂ ಸಿಂಪಡಣೆ ಹೆಚ್ಚಿತು. ಎದೆಯೆತ್ತರದ ಪೈರಿನಲ್ಲಿ ನಡೆದರೆ ತಾನು ಹೊಡೆದ ವಿಷವನ್ನೇ ತಾನು ಮೈಗೆ ಒರಸಿಕೊಂಡಂತಾಯಿತು.

“ಅವನೇ ಒಪ್ಪಿ ಬಂದವನು, ಕೈಗವಸು ಕೊಟ್ಟರೂ ಸೆಖೆಯೆಂದು ಕಳಚಿ ಎಸೆಯುವನು” ಎಂಬುದು ಒಡೆಯರ ವಾದ. ಸೆಖೆಯೇನೋ ನಿಜ. ಆದರೆ ನಡುಹಗಲಿನಲ್ಲಿ ಸಿಂಪಡಿಸೆಂದವರಾರು? ಕ್ಯಾನಿಗೆ ಇಷ್ಟೆಂದು ಕೂಲಿ ಗೊತ್ತುಮಾಡಿ ಅವನನ್ನು ಅವಸರಪಡಿಸಿದವರಾರು? ಅಂದಿನ ಗಂಜಿಗೆ ಅಂದೇ ದುಡಿಯಬೇಕಾದವನ ಒಪ್ಪಿಗೆಯನ್ನು ಸ್ವತಂತ್ರ ಸಮ್ಮತಿಯೆಂದು ಕರೆಯುವುದು ಯುಕ್ತವಲ್ಲ. 1968ರ ಕೀಟನಾಶಕ ಅಧಿನಿಯಮದ ಕೆಳಗೆ 1971ರಲ್ಲಿ ರಚಿತವಾದ ನಿಯಮಗಳು ಸಿಂಪಡಿಸುವವನಿಗೆ ರಕ್ಷಕ ಉಡುಪು, ಉಸಿರಾಟದ ಸಾಧನಗಳನ್ನು ವಿಧಿಸಿವೆ. ಆದರೆ ಹೊಲದ ಬದುವಿನಲ್ಲಿ ನಿಂತು ಅದನ್ನು ನೋಡಿಕೊಳ್ಳಬೇಕಾದವನು ಒಡೆಯನೇ. ಕಾಸರಗೋಡಿನ ಗೇರು ತೋಟಗಳ ಸುತ್ತಲಿನ ಜನರು ಎಷ್ಟೋ ವರ್ಷ ನರಳಿದ ಮೇಲಲ್ಲವೇ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನನ್ನು ನಿಲ್ಲಿಸಿದ್ದು!

ಇನ್ನು ಕೆಲವರು ಕಾಯಕವೆಂದ ಮೇಲೆ ಕಷ್ಟವನ್ನು ಸಹಿಸಬೇಕೆಂದು ಶರಣರನ್ನೇ ಸಾಕ್ಷಿಗೆ ಕರೆಯುವರು. ಇದು ಶರಣರಿಗೆ ಮಾಡುವ ಅಪಚಾರ. ದೇಹವನ್ನು ಶಿವನ ನೆಲೆಯೆಂದು ಕಂಡವರು ಅದನ್ನು ಬಾಡಿಗೆಗೆ ಸುಡಲು ಹೇಳಿಯಾರೆ? ಮಾರಯ್ಯನು ಅಗತ್ಯಕ್ಕೆ ಮೀರಿ ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಕೈಗವಸು, ಬೂಟುಗಳ ವೆಚ್ಚವನ್ನು ಉಳಿಸಿ ಹೆಚ್ಚಿಸಿಕೊಂಡ ಲಾಭವೂ ಅಂಥ ಅಕ್ಕಿಯೇ. ಇಲ್ಲಿ ಅದನ್ನು ಆಯ್ದುದು ಅಂಗಳದಿಂದಲ್ಲ, ಅನ್ಯನ ಮೈಯಿಂದ.

ಮತ್ತೊಂದು ಸಂಗತಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಸಂಜೆ ಆ ಕೂಲಿಯವನು ಅದೇ ಅಂಗಿಯಲ್ಲಿ ಮನೆಗೆ ಹೋಗುವನು. ಮಡದಿಯು ಅದನ್ನು ಮಕ್ಕಳ ಬಟ್ಟೆಗಳೊಡನೆ ಬರಿಗೈಯಿಂದ ಒಗೆಯುವಳು. ಆಕೆಗೆ ಕೂಲಿಯೂ ಇಲ್ಲ, ಕೈಗವಸೂ ಇಲ್ಲ. ತೋಟದ ಬಾವಿಯ ಬಳಿ ಒಂದು ಕೊಡ ನೀರು, ಒಂದು ಸಾಬೂನು, ಬದಲಿಗೆ ಒಂದು ಜೊತೆ ಬಟ್ಟೆ ಇಡಿಸಲು ಯಾವ ಕಾಯಿದೆಗೂ ಕಾಯಬೇಕಾಗಿಲ್ಲ.